ಎರಡು ಜಿ.ಬಿ. ಮನೆಯ ನೆಂಟ

ಮತ್ತಿಕೆರೆಯಿಂದ ಫೋನ್ ಮಾಡಿದ ಚಿಕ್ಕಮ್ಮ ಮಳೆ, ಮಂಡಿನೋವು, ಹೂವಿನ ರೇಟು ಎಲ್ಲ ಮುಗಿಸಿ, ಇನ್ನೇನು ಇಡಬೇಕು ಅನ್ನುವಾಗ ಮಗಳ ಮದುವೆಯ ವಿಷಯಕ್ಕೆ ಬಂದರು. "ಪುಟ್ಟಿ ಮದುವೆ ಕಾರ್ಡು ನಿಮ್ಮಕ್ಕನ ಮದುವೇಲಿ ನಿಮ್ಮ ಚಿಕ್ಕಪ್ಪ ಮಾಡಿದ್ರಲ್ಲ, ಥೇಟ್ ಹಾಗೇ ಇರಬೇಕು ಕಣೋ. ನೀನು ಹೇಗೂ ಕಂಪ್ಯೂಟರ್ ಗೊತ್ತಿರೋನು."

ನಮ್ಮ ವಂಶದಲ್ಲಿ ಕಂಪ್ಯೂಟರ್ ಗೊತ್ತಿರೋನು ಅಂದರೆ ಮಿಕ್ಸಿ ಕೆಟ್ಟಾಗಲೂ ಕರೆಸಬಹುದಾದವನು. ಆಗಲಿ ಅಂದೆ.

2004ರ ಆ ಕಾರ್ಡಿನ ಒಂದೇ ಒಂದು ಪ್ರತಿ ನಮ್ಮ ಮನೆಯಲ್ಲಿ ಉಳಿದಿತ್ತು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟ ಮೊದಲನೇ ಪ್ರತಿ. ಅಜ್ಜಿ ಅದನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಅಜ್ಜಿ ಹೋದ ಮೇಲೆ ಆ ಜವಾಬ್ದಾರಿಯನ್ನು ಜಿರಳೆಗಳು ವಹಿಸಿಕೊಂಡು ವರನ ತಂದೆಯ ಹೆಸರಿನಿಂದ ಹಿಡಿದು ಮುಹೂರ್ತದವರೆಗೆ ತಿಂದು ಮುಗಿಸಿದ್ದವು. ಉಳಿದದ್ದು ಗಣಪತಿಯ ಸೊಂಡಿಲು ಮತ್ತು ಊಟದ ಹೊತ್ತು.

ಚಿಕ್ಕಪ್ಪ ಗೌರಿಬಿದನೂರಿನಿಂದ ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಗೆ ಬಂದಾಗ ನಾನಿನ್ನೂ ಪ್ರೈಮರಿ. "ಹದಿನೈದು ದಿನ ಇರ್ತೀನಿ ಅತ್ತಿಗೆ, ಅಷ್ಟರಲ್ಲಿ ಒಂದು ಕೆಲಸ ನೋಡ್ಕೋತೀನಿ" ಅಂದವರು ಒಂಬತ್ತು ವರ್ಷ ಇದ್ದರು. ಒಂದು ರೂಮು, ಒಂದು ಹಾಲು, ಬಚ್ಚಲಿನಷ್ಟೇ ಅಗಲದ ಅಡುಗೆಮನೆ. ಅವರು ಬಂದ ರಾತ್ರಿಯೇ ಅಕ್ಕನಿಗೂ ನನಗೂ ತಾರಸಿಗೆ ವರ್ಗವಾಯಿತು. ಚಾಪೆ, ಕಂಬಳಿ, ನೀರಿನ ಚೊಂಬು ಹೊತ್ತು ಮೆಟ್ಟಿಲು ಹತ್ತುವಾಗ ಅಮ್ಮ ಹಿಂದಿನಿಂದ "ನಾಲ್ಕು ದಿನ ಅಷ್ಟೆ" ಅನ್ನುತ್ತಿದ್ದರು. ಚಿಕ್ಕಪ್ಪನಿಗೋ, ತಾನು ನೆಂಟ ಎಂಬುದು ಒಂದು ದಿನವೂ ಹೊಳೆದಂತೆ ಕಾಣಲಿಲ್ಲ. ಪೇಪರು ಮೊದಲು ಅವರಿಗೆ, ಬಿಸಿನೀರು ಮೊದಲು ಅವರಿಗೆ, ಉಪ್ಪಿಟ್ಟಿನ ಸೀದ ತಳವೂ ಮೊದಲು ಅವರಿಗೇ. ಆಮೇಲೆ ಟೈಪಿಂಗ್ ಕಲಿತು, ಡಿ.ಟಿ.ಪಿ. ಕಲಿತು, ಯಶವಂತಪುರದಲ್ಲಿ ಎಂಟಡಿ ಹತ್ತಡಿಯ ಅಂಗಡಿ ಹಾಕಿದರು. ಗಣಪತಿ ಚಂದಾ ರಸೀದಿ, ರಾಜ್ಯೋತ್ಸವದ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಮದುವೆ ಕಾರ್ಡು. ಆ ಭಾಗದ ಎಷ್ಟೋ ಜನ ಹುಟ್ಟಿದ್ದು ಎಲ್ಲಾದರೂ ಇರಲಿ, ಮದುವೆಯಾದದ್ದು ಮತ್ತು ಸತ್ತದ್ದು ಚಿಕ್ಕಪ್ಪನ ಪೇಜ್‌ಮೇಕರಿನಲ್ಲಿ.

ಅವರು ಹೋಗಿ ಏಳು ವರ್ಷ. ಅಂಗಡಿಯ ಕಂಪ್ಯೂಟರು ಗುಜರಿಗೆ ಹೋಯಿತು. ಉಳಿದದ್ದು ಒಂದು ಬಟ್ಟೆಯಂಗಡಿಯ ಚೀಲದ ತುಂಬ ಸೀಡಿಗಳು. ಎಲ್ಲದರ ಮೇಲೂ ಮಾರ್ಕರ್ ಪೆನ್ನಿನ ದುಂಡಕ್ಷರ.

ನನ್ನ ಲ್ಯಾಪ್‌ಟಾಪು ಹದಿನೈದು ವರ್ಷದ ಹಿಂದಿನದು. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಎರಡು ಜಿ.ಬಿ. ರ‍್ಯಾಮ್. ಬ್ಯಾಟರಿ ಎಂದೋ ತೀರಿಕೊಂಡಿದೆ. ಪ್ಲಗ್ಗು ಕಿತ್ತರೆ ಅದೂ ಹೋಗುತ್ತದೆ. ಹೊಸ ವಿಂಡೋಸು ಇದರೊಳಗೆ ಕಾಲಿಡಲು ಒಪ್ಪದ್ದರಿಂದ ಲಿನಕ್ಸ್ ಹಾಕಿದ್ದೇನೆ. ಕಾಸು ಕೇಳುವುದಿಲ್ಲ, ಇದ್ದುದರಲ್ಲಿ ಸಂಸಾರ ತೂಗಿಸುತ್ತದೆ, ಯೂನಿಕೋಡ್ ಕನ್ನಡವನ್ನು ಅಂದವಾಗಿ ತೋರಿಸುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಂತ 128 ಮನೆಗಳ ಒಂದು ಕೇರಿ ಇತ್ತು.

ಆದರೆ ಚಿಕ್ಕಪ್ಪ ಆ ಕೇರಿಯವರಲ್ಲ. ಅವರದು ನುಡಿ ತಂತ್ರಾಂಶ, ಕನ್ನಡ ಗಣಕ ಪರಿಷತ್ತು ತಯಾರಿಸಿದ್ದು. ಆಗ ಅದರಲ್ಲಿ ಕಂಪ್ಯೂಟರಿನ ಮಟ್ಟಿಗೆ ಇದ್ದದ್ದು ರೋಮನ್ ಅಕ್ಷರಗಳೇ. ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಫಾಂಟು. ವೇಷ ಕಳಚಿದರೆ ‘ಕನ್ನಡ’ ಎಂಬ ಮೂರಕ್ಷರ ಹೀಗೆ ಕಾಣುತ್ತದೆ: ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನರು ಜೋಡಿ ಎಸ್‌ಗೆ ಬಳಸುವ ಅಕ್ಷರ, ಸಣ್ಣ ಕ್ಯೂ, ಮತ್ತೊಂದು ಗೀಟಿನ ಎ. ಲಿನಕ್ಸಿನ ಲಿಬ್ರೆ ಆಫೀಸಿನಲ್ಲಿ ಫೈಲು ತೆರೆದಾಗ ಅಕ್ಕನ ಮದುವೆ ಇಂಗ್ಲೆಂಡಿಗೂ ಜರ್ಮನಿಗೂ ನಡುವೆ ಎಲ್ಲೋ ಪೌಂಡು ಲೆಕ್ಕದಲ್ಲಿ ಆದ ಹಾಗಿತ್ತು. ಸಾಲುಗಳು ಒಂದರ ಮೇಲೊಂದು ಕೂತಿದ್ದವು. ಗಣಪತಿ ಮೂಲೆಗೆ ಸರಿದಿದ್ದ. ಆಫೀಸಿನ ಹುಡುಗನೊಬ್ಬ "ಅದನ್ನ ಯೂನಿಕೋಡ್ ಮಾಡೋ ಕನ್ವರ್ಟರ್ ಇದೆ ಸಾರ್" ಅಂದ. ಇದೆ. ಅದರಲ್ಲಿ ಮಾತು ಸಿಗುತ್ತದೆ, ಕಾರ್ಡು ಸಿಗುವುದಿಲ್ಲ. ಚಿಕ್ಕಮ್ಮ ಹೇಳಿದ್ದು ಥೇಟ್ ಹಾಗೇ ಅಂತ.

ಹಾಗಾದರೆ ಚಿಕ್ಕಪ್ಪನ ಕಂಪ್ಯೂಟರನ್ನೇ ಮತ್ತೆ ಹುಟ್ಟಿಸಬೇಕು. ಸೀಡಿಗಳ ಪೈಕಿ ವಿಂಡೋಸ್ ಎಕ್ಸ್‌ಪಿ ಇತ್ತು, ಪೇಜ್‌ಮೇಕರ್ ಇತ್ತು, ನುಡಿ ಇತ್ತು. ಲಿನಕ್ಸಿನ ಹೊಟ್ಟೆಯೊಳಗೆ ಒಂದು ಹುಸಿ ಕಂಪ್ಯೂಟರು ಕಟ್ಟಿ, ಅದರೊಳಗೆ ಇವನ್ನು ಕೂರಿಸಿದರಾಯಿತು. ಇದಕ್ಕೆ ವರ್ಚುವಲ್ ಮಷಿನ್ ಅನ್ನುತ್ತಾರೆ. ಹೊಸದೇನಲ್ಲ, 1972ರಲ್ಲೇ ಐಬಿಎಂನವರು ತಮ್ಮ ದೊಡ್ಡ ಯಂತ್ರಗಳಿಗೆ ಇಂಥದ್ದನ್ನು ಕೊಟ್ಟಿದ್ದರು. ಈ ಕಸುಬಿನವರು ಹೊರಗಿನ ನಿಜವಾದ ಕಂಪ್ಯೂಟರನ್ನು ಹೋಸ್ಟ್ ಅನ್ನುತ್ತಾರೆ, ಒಳಗೆ ಕೂತದ್ದನ್ನು ಗೆಸ್ಟ್. ಮನೆಯವರು ಮತ್ತು ನೆಂಟ. ಇಡೀ ವಿದ್ಯೆಯ ಗುಟ್ಟು ಏನೆಂದರೆ, ತಾನು ನೆಂಟ ಅಂತ ನೆಂಟನಿಗೆ ಗೊತ್ತಾಗಬಾರದು. ಇಡೀ ಮನೆ ತನ್ನದೇ ಅಂದುಕೊಂಡು ಅವನು ಓಡಾಡಬೇಕು, ಮನೆಯವರು ಹಿಂದೆ ನಿಂತು ಹೊಂದಿಸಬೇಕು. ಇದನ್ನು ಓದಿದಾಗ ನಮ್ಮಮ್ಮನಿಗೆ ಐಬಿಎಂನಲ್ಲಿ ಕೆಲಸ ಸಿಗಬೇಕಿತ್ತು ಅನ್ನಿಸಿತು.

ತೊಡಕು ಬರುವುದು ನೆಂಟ ಬೀರುವಿಗೆ ಕೈ ಹಾಕಿದಾಗ. ಮನೆಯ ಯಜಮಾನ ಮಾತ್ರ ಮಾಡಬೇಕಾದ ಕೆಲಸಕ್ಕೆ ನೆಂಟ ಇಳಿದರೆ ತಕ್ಷಣ ಸದ್ದಾಗಬೇಕು. ಯಜಮಾನ ಎದ್ದು ಬಂದು ಸಂಭಾಳಿಸಬೇಕು. ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು 1974ರಲ್ಲೇ ಈ ನಿಯಮ ಬರೆದಿಟ್ಟಿದ್ದರು. ನಮ್ಮ ಪೆಂಟಿಯಂ ವಂಶದ ಪ್ರೊಸೆಸರುಗಳಲ್ಲಿ ಸದ್ದಿಲ್ಲದೆ ಬೀರು ತೆಗೆಯುವ ಆಜ್ಞೆಗಳು 17 ಇವೆ ಅಂತ 2000ದಲ್ಲಿ ಇನ್ನಿಬ್ಬರು ಲೆಕ್ಕ ಹಾಕಿ ತೋರಿಸಿದರು. ಆಮೇಲೆ 2005-06ರ ಸುಮಾರಿಗೆ ಇಂಟೆಲ್, ಎಎಂಡಿ ಎರಡೂ ಕಂಪನಿಗಳು ಇದಕ್ಕೆಂದೇ ಚಿಪ್ಪಿನೊಳಗೆ ಹೊಸ ಸೌಕರ್ಯ ಕೂಡಿಸಿದವು. 2007ರಲ್ಲಿ ಲಿನಕ್ಸು ಅದನ್ನು ಬಳಸುವ ಕೆವಿಎಂ ಎಂಬುದನ್ನು ಮನೆತುಂಬಿಸಿಕೊಂಡಿತು. ಅಂಥ ಚಿಪ್ಪಿದ್ದರೆ ನೆಂಟ ಮನೆಯವರಷ್ಟೇ ಚುರುಕಾಗಿ ಓಡಾಡುತ್ತಾನೆ.

ನನ್ನದರಲ್ಲಿ ಇದೆಯೋ? ಲಿನಕ್ಸಿನಲ್ಲಿ ಪ್ರೊಸೆಸರಿನ ಜಾತಕ ಒಂದು ಫೈಲಿನಲ್ಲಿ ಇರುತ್ತದೆ. ಇಂಟೆಲ್ ಕುಲದ್ದಾದರೆ ವಿಎಂಎಕ್ಸ್, ಎಎಂಡಿ ಕುಲದ್ದಾದರೆ ಎಸ್‌ವಿಎಂ ಎಂಬ ಮೂರಕ್ಷರ ಅದರಲ್ಲಿ ಕಾಣಬೇಕು. ಹುಡುಕಿದೆ. ಎರಡೂ ಇಲ್ಲ. ಕೆಲವು ಸಲ ಇದ್ದರೂ ಬಯೋಸಿನಲ್ಲಿ ಆರಿಸಿಟ್ಟಿರುತ್ತಾರೆ ಅಂತ ಕೇಳಿದ್ದೆ. ಲ್ಯಾಪ್‌ಟಾಪು ಆರಿಸಿ, ಹೊತ್ತಿಸಿ, ಒಂದು ಕೀ ಒತ್ತಿ ಹಿಡಿದು, ಆ ನೀಲಿ ಪರದೆಯ ಕೋಣೆಗಳಲ್ಲೆಲ್ಲ ಇಣುಕಿದೆ. ತಾರೀಕು ಬದಲಿಸಬಹುದಿತ್ತು. ಪಾಸ್‌ವರ್ಡ್ ಇಡಬಹುದಿತ್ತು. ನನಗೆ ಬೇಕಾದ ಸ್ವಿಚ್ಚು ಇರಲಿಲ್ಲ. ಅಗ್ಗದ ಚಿಪ್ಪುಗಳಿಗೆ ಈ ಸೌಕರ್ಯ ಕೊಡದೆ ಮಾರುತ್ತಿದ್ದ ಕಾಲ ಅದು. ಗುಣ ಕೂಡಲಿಲ್ಲ ಅಂತ ಜಾತಕ ಮಡಚಿಟ್ಟೆ. ಹುಸಿ ಕಂಪ್ಯೂಟರು ಕಟ್ಟುವ ವರ್ಚುವಲ್ ಬಾಕ್ಸ್ ಎಂಬ ತಂತ್ರಾಂಶದ ಹಳೇ ಆವೃತ್ತಿಗಳು ಈ ಸೌಕರ್ಯವಿಲ್ಲದೆಯೂ ನಡೆಯುತ್ತಿದ್ದವು. 2019ರ ಕೊನೆಗೆ ಬಂದ 6.1ರಿಂದ ಅದೂ ಇಲ್ಲ.

ಉಳಿದದ್ದು ಕ್ಯೂಇಎಂಯು ಎಂಬ ಇನ್ನೊಂದು ತಂತ್ರಾಂಶ. ಇದಕ್ಕೆ ಯಾವ ಜಾತಕವೂ ಬೇಡ. ನೆಂಟ ಆಡುವ ಪ್ರತಿ ಮಾತನ್ನೂ ಕೇಳಿಸಿಕೊಂಡು, ಅನುವಾದ ಮಾಡಿ, ಆಮೇಲೆ ಪ್ರೊಸೆಸರಿಗೆ ಹೇಳುತ್ತದೆ. ತಮಾಷೆ ಎಂದರೆ ಎಕ್ಸ್‌ಪಿ ಆಡುವ ಭಾಷೆಯೂ ನನ್ನ ಪ್ರೊಸೆಸರಿನ ಭಾಷೆಯೂ ಒಂದೇ. ಆದರೂ ನಡುವೆ ದುಭಾಷಿ.

ಇದನ್ನು ನಾನು ಅಕ್ಕನ ಮದುವೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಭಾವನ ಕಡೆಯವರು ಹುಬ್ಬಳ್ಳಿಯವರು. ಬೆಳಿಗ್ಗೆ ಬೀಗಿತ್ತಿ ಬಂದು ನಮ್ಮಜ್ಜಿಯ ಪಕ್ಕ ಕೂತು ಅಕ್ಕರೆಯಿಂದ "ನಾಷ್ಟಾ ಆತೇನ್ರಿ?" ಅಂದರು. ಅಜ್ಜಿ ಚಿಕ್ಕಪ್ಪನ ಮುಖ ನೋಡಿದರು. "ತಿಂಡಿ ಆಯ್ತಾ ಅಂತ ಕೇಳ್ತಿದಾರಮ್ಮ." "ಆಯ್ತು ಅಂತ ಹೇಳಪ್ಪ." ಚಿಕ್ಕಪ್ಪ ಬೀಗಿತ್ತಿಯ ಕಡೆ ತಿರುಗಿ ಗಂಭೀರವಾಗಿ "ಆಗೇದಂತ್ರಿ" ಅಂದರು. ಕನ್ನಡದಿಂದ ಕನ್ನಡಕ್ಕೆ, ಮತ್ತೆ ಕನ್ನಡದಿಂದ ಕನ್ನಡಕ್ಕೆ. ಮಧ್ಯಾಹ್ನದ ಹೊತ್ತಿಗೆ ನಾಷ್ಟಾ ಎಂದರೆ ಏನೆಂದು ಅಜ್ಜಿಗೆ ನಾಟಿತ್ತು, ಆ ಮಾತಿಗೆ ದುಭಾಷಿ ಬೇಕಾಗಲಿಲ್ಲ. ಕ್ಯೂಇಎಂಯು ಕೂಡ ಹಾಗೇ, ಒಮ್ಮೆ ಅನುವಾದಿಸಿದ ತುಂಡನ್ನು ಕೂಡಿಟ್ಟುಕೊಂಡು ಮತ್ತೆ ಬಳಸುತ್ತದೆ. ಅಷ್ಟಾದರೂ ಆ ಇಬ್ಬರು ಮುದುಕಿಯರ ಸಂಭಾಷಣೆಯಷ್ಟೇ ವೇಗ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನೆಂಟನಿಗೆ 512 ಎಂ.ಬಿ. ಕೊಟ್ಟೆ. ಎಕ್ಸ್‌ಪಿ ಬಾಯಿಬಿಟ್ಟು ಕೇಳುವುದು 128, ಬಡತನದಲ್ಲಿ 64ರಲ್ಲೂ ಇರುತ್ತದೆ. ಚಿಕ್ಕಪ್ಪನ ನೆನಪಿಗೆ ಸ್ವಲ್ಪ ಧಾರಾಳ ಮಾಡಿದೆ. ಆ ಹೊತ್ತಿಗೆ ನಾನು ತೆರೆದಿಟ್ಟ ಬ್ರೌಸರು ರ‍್ಯಾಮಿನಲ್ಲಿ ಜಾಗ ಸಾಲದೆ ಡಿಸ್ಕಿನ ಸ್ವಾಪಿಗೆ ಹೋಯಿತು. ಚಾಪೆ, ಕಂಬಳಿ, ಚೊಂಬು ಹಿಡಿದು ತಾರಸಿಗೆ.

ರಾತ್ರಿ ಒಂಬತ್ತಕ್ಕೆ ಅನುಸ್ಥಾಪನೆ ಶುರು. ಎಕ್ಸ್‌ಪಿ ಒಂದು ಹಂತಕ್ಕೆ ಬಂದಾಗ ಎಡಗಡೆ ‘ಇನ್ನು 39 ನಿಮಿಷ’ ಅಂತ ತೋರಿಸುತ್ತದೆ. ಎರಡು ಗಂಟೆ ಕಳೆದು ನೋಡಿದರೂ 39. ಊಟ ಮಾಡಿ, ಪಾತ್ರೆ ತೊಳೆದು ಬಂದೆ, 38. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರು ಮನೆಗೆ ಫೋನ್ ಮಾಡಿ "ಇನ್ನೇನು ಹತ್ತೇ ನಿಮಿಷ" ಅನ್ನುವ ಅದೇ ಪ್ರಾಮಾಣಿಕತೆ. 27ರಲ್ಲಿ ಇದ್ದಾಗ ಕರೆಂಟು ಹೋಯಿತು. ಬ್ಯಾಟರಿ ವಿಷಯ ಮೊದಲೇ ಹೇಳಿದೆನಲ್ಲ.

ಎರಡನೇ ರಾತ್ರಿ ಪಕ್ಕದ ಮನೆಯವರ ಯುಪಿಎಸ್ಸಿನಿಂದ ವೈರು ಎಳೆದು ಮತ್ತೆ ಕೂತೆ. ಬೆಳಗಿನ ಜಾವ ಕುರ್ಚಿಯಲ್ಲೇ ತೂಕಡಿಸುತ್ತಿದ್ದವನನ್ನು ಎಬ್ಬಿಸಿದ್ದು ಯಲಹಂಕದ ವಾಯುನೆಲೆಯಿಂದ ಎದ್ದ ವಿಮಾನ. ಕಿಟಕಿಯ ಗಾಜು ನಡುಗಿತು. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ ಬಂದು ನಿಂತಿತ್ತು. ಕೆಳಗಡೆ ಒಂದು ಗುಳ್ಳೆ: ಸಕ್ರಿಯಗೊಳಿಸಲು ಇನ್ನು 30 ದಿನ ಮಾತ್ರ ಬಾಕಿ. ಪಾಪದ ನೆಂಟ, ಬಂದ ಕೂಡಲೇ ಹೊರಡುವ ದಿನ ಹೇಳಿದ. ಇರಲಿ ಬಿಡಪ್ಪ, ಹದಿನೈದು ದಿನಕ್ಕೆ ಬಂದವರನ್ನು ಒಂಬತ್ತು ವರ್ಷ ಇಟ್ಟುಕೊಂಡ ಮನೆ ಇದು ಅಂದೆ.

ಸೀಡಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿದೆ. ಚಿಕ್ಕಪ್ಪ ಫೈಲಿನ ಹೆಸರು ಎಂಟಕ್ಷರ ಮೀರದಂತೆ ಇಡುತ್ತಿದ್ದರು. ಹಾಗಿರಬೇಕೆಂಬ ಡಾಸ್ ಕಾಲದ ನಿಯಮ ಹೋಗಿ ಎಷ್ಟೋ ವರ್ಷವಾಗಿದ್ದರೂ ಅವರು ಆ ಮಡಿ ಬಿಡಲಿಲ್ಲ. ಗಿರಾಕಿಗಳದ್ದಕ್ಕೆಲ್ಲ ಮೊಟಕು ಮಾಡಿದ ಹೆಸರು, ಪಕ್ಕದಲ್ಲಿ ಇಸವಿ. ಒಂದಕ್ಕೆ ಮಾತ್ರ ‘ನಮ್ಮನೆ1’ ಅಂತ ಇತ್ತು. ಇಂಗ್ಲಿಷಿನಲ್ಲಿ ಬರೆದರೆ ಏಳಕ್ಷರ, ಅಂಕಿ ಸೇರಿ ಸರಿಯಾಗಿ ಎಂಟು. ‘ನಮ್ಮನೆ2’ ಇದೆಯೇ ಅಂತ ಚೀಲದ ಸೀಡಿಗಳನ್ನೆಲ್ಲ ತಿರುವಿ ನೋಡಿದೆ. ಇರಲಿಲ್ಲ.

ಪೇಜ್‌ಮೇಕರು ಮೊದಲು ಫಾಂಟು ಸಿಗುತ್ತಿಲ್ಲ ಅಂತ ತಕರಾರು ತೆಗೆಯಿತು. ನುಡಿ ಹಾಕಿ ಮತ್ತೆ ತೆರೆದೆ. ಈಗ ದುಭಾಷಿ ಒಂದೊಂದೇ ಸಾಲು ಬಿಡಿಸತೊಡಗಿದ. ಮೊದಲು ಗಣಪತಿ, ತನ್ನ ಜಾಗದಲ್ಲಿ. ಆಮೇಲೆ ಕುಲದೇವರ ಪ್ರಸನ್ನ. ಜಿರಳೆ ತಿಂದ ಬೀಗರ ಹೆಸರು, ಇನಿಷಿಯಲ್ಲು ಸಮೇತ. ಮುಹೂರ್ತ. ಛತ್ರಕ್ಕೆ ದಾರಿ: ‘ಹೆಬ್ಬಾಳದ ಹೊಸ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ನೇರ ಯಲಹಂಕಕ್ಕೆ’. ಆ ಸೇತುವೆ ತೆರೆದು ಆಗ ಒಂದು ವರ್ಷವಾಗಿತ್ತಷ್ಟೆ. ಅದರ ಮೇಲೆ ಹೋಗುವುದೇ ಮದುವೆಗೆ ಬರಲು ಒಂದು ಕಾರಣವಾಗಲಿ ಅಂತ ಚಿಕ್ಕಪ್ಪ ‘ಹೊಸ’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ಆಮೇಲೆ ‘ಆಗಮನಾಭಿಲಾಷಿಗಳು’ ಎಂಬ ತಲೆಬರಹ, ಅದರಡಿ ನೆಂಟರಿಷ್ಟರ ಸಾಲು. ಯಾರ ಹೆಸರೂ ಬಿಡಬಾರದು, ಬಿಟ್ಟರೆ ಮೂರು ತಲೆಮಾರು ಮಾತು ನಿಲ್ಲುತ್ತದೆ. ಚಿಕ್ಕಪ್ಪ ಎಲ್ಲರನ್ನೂ ಹಾಕಿ ತಮ್ಮ ಹೆಸರನ್ನು ಕೊನೆಗೆ ತುರುಕಿದ್ದರು. ಈ ಮನೆಯಲ್ಲಿ ಕೊನೆಯ ಜಾಗಕ್ಕೆ ಅವರು ಕೂತದ್ದು ಅದೊಂದು ಸಲವೇ ಇರಬೇಕು.

ತೀರಾ ಕೆಳಗೆ, ಬಲಮೂಲೆಯಲ್ಲಿ, ಇನ್ನೂ ಒಂದು ಸಾಲು ಮೂಡಿತು. ಅದು ಅಲ್ಲಿತ್ತು ಎಂಬುದೇ ನನಗೆ ಮರೆತುಹೋಗಿತ್ತು. ‘ನಮ್ಮಕ್ಕನ ಮದ್ವೆಗೆ ಎಲ್ಲಾರೂ ಬನ್ನಿ: ಪುಟ್ಟಿ’. ಆಗ ಅವಳಿಗೆ ಏಳು ವರ್ಷ.

ಹುಸಿ ಕಂಪ್ಯೂಟರಿನಿಂದ ಫೈಲನ್ನು ಹೊರಗೆ ತರುವ ದಾರಿ ಇನ್ನೂ ಹೂಡಿರಲಿಲ್ಲ. ಮೊಬೈಲಿನಲ್ಲಿ ಪರದೆಯದೇ ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ಎರಡು ನೀಲಿ ಗೀಟು ಬಂದವು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಫೋನೇ ಬಂತು.

"ಅವತ್ತೇ ಬಡ್ಕೊಂಡೆ ಕಣೋ, ಪುಟ್ಟಿ ಹೆಸರು ಅಷ್ಟು ಸಣ್ಣಕ್ಕೆ ಹಾಕಬೇಡಿ, ಯಾರಿಗೂ ಕಾಣಲ್ಲ ಅಂತ. ಎಲ್ಲಿ ಕೇಳಿದ್ರು? ಕಾರ್ಡಲ್ಲಿ ಜಾಗ ಇಲ್ವಂತೆ. ಇಷ್ಟು ಜಾಗ ಇದೆಯಲ್ಲ ಪಕ್ಕದಲ್ಲಿ, ನೀನೇ ನೋಡು."

ನೋಡಿದೆ. ಇತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಪುಟ್ಟಿಯ ಹೆಸರನ್ನು ಆಯ್ದು, 9 ಇದ್ದ ಪಾಯಿಂಟನ್ನು 14 ಮಾಡಿದೆ. ಮರಳುಗಡಿಯಾರ ಬಂತು. "ಆಯ್ತೇನೋ?" ಅಂದರು ಚಿಕ್ಕಮ್ಮ. ತಡೀರಿ ಅಂದೆ.