ಹೆಜ್ಜಾರ್ಲೆ ಊರಿಗೆ ಹಳೇ ದಾರಿ

ಭಾನುವಾರ ಬೆಳಗಿನ ಜಾವ ಕೆಂಗೇರಿ ಆಸುಪಾಸಿನ ಯಾವುದಾದರೂ ಹೋಟೆಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹೆಗಲಿಗೆ ಕ್ಯಾಮೆರಾ ಚೀಲ, ಕಂಕುಳಲ್ಲಿ ಟ್ರೈಪಾಡ್, ಕೈಯಲ್ಲಿ ಬಿಸಿ ಕಾಫಿ ಹಿಡಿದ ನಾಲ್ಕೈದು ಜನರ ಗುಂಪೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಬ್ಬರು ಬ್ಯಾಂಕಿನವರು, ಇನ್ನೊಬ್ಬರು ಕಾಲೇಜು ಮೇಷ್ಟ್ರು, ಮತ್ತಿಬ್ಬರು ಕಂಪ್ಯೂಟರ್ ಕಂಪೆನಿಯ ಹುಡುಗರು... ವಾರವೆಲ್ಲ ಅವರವರ ಕೆಲಸ ಅವರವರಿಗೆ. ಭಾನುವಾರ ಮಾತ್ರ ಎಲ್ಲರದೂ ಒಂದೇ ಜಾತಿ. ಅದು ಹವ್ಯಾಸಿ ಛಾಯಾಗ್ರಾಹಕರ ಜಾತಿ!

ಜನವರಿಯಿಂದ ಮೇ ತಿಂಗಳವರೆಗೆ ಇಂಥ ಅನೇಕ ಗುಂಪುಗಳು ಹೊರಡುವುದು ಒಂದೇ ಊರಿಗೆ. ಅದು ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕಾಡನ್ನಾಗಲಿ ನಡುಗಡ್ಡೆಯನ್ನಾಗಲಿ ಹುಡುಕದೆ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುವ ಊರು. ಎರಡೂವರೆ ಮೀಟರ್ ಅಗಲದ ರೆಕ್ಕೆ ಬಿಚ್ಚಿ ಹೆಜ್ಜಾರ್ಲೆಯೊಂದು ಗೂಡಿಗೆ ಇಳಿಯುವ ಚಿತ್ರ ಸಿಕ್ಕರೆ ಸಾಕು, ಹೋದದ್ದು ಸಾರ್ಥಕ ಎಂದು ಎಲ್ಲರೂ ಅಂದುಕೊಂಡೇ ಹೊರಡುತ್ತಾರೆ.

ಆದರೆ ಈ 80 ಕಿಲೋಮೀಟರನ್ನು ಹೇಗೆ ದಾಟುತ್ತೀರಿ ಎಂಬುದರ ಮೇಲೆ ನಿಮಗೆ ಏನೇನು ಸಿಗುತ್ತದೆ ಎಂಬುದು ನಿಂತಿದೆ.

ಬೆಂಗಳೂರು–ಮೈಸೂರು ನಡುವಿನ ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಅದು ಮುಟ್ಟುವುದಿಲ್ಲ. ಪಕ್ಕದಿಂದಲೋ ಮೇಲಿನಿಂದಲೋ ದಾಟಿಬಿಡುತ್ತದೆ. ಕಾರಿನವರಿಗೆ ಸಮಯ ಉಳಿಯಿತು, ನಿಜ. ಅದೇ ವರ್ಷದ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಹೀಗಾಗಿ ಬೈಕಿನಲ್ಲಿ ಹೊರಟ ಬಡಪಾಯಿ ಛಾಯಾಗ್ರಾಹಕರು ಸರ್ವೀಸ್ ರಸ್ತೆ, ಹಳೇ ರಸ್ತೆ ಹಿಡಿದು ಊರೂರೊಳಗೆ ನುಗ್ಗಿಯೇ ಹೋಗಬೇಕು. ತಮಾಷೆ ಏನು ಗೊತ್ತೆ? ಸಂಜೆ ಎಲ್ಲರೂ ಕೂತು ಚಿತ್ರಗಳನ್ನು ಹೋಲಿಸಿ ನೋಡುವಾಗ ಹೆಚ್ಚು ಬಗೆಯ ಚಿತ್ರಗಳಿರುವುದು ಈ ಬಡಪಾಯಿಗಳ ಬಳಿಯೇ!

ಹಿಂದೆ ರೀಲಿನ ಕಾಲದಲ್ಲಿ ಕಷ್ಟ ಬೇರೆ ಥರದ್ದು. ಒಂದು ರೀಲಿಗೆ 36 ಚಿತ್ರ. ಹಕ್ಕಿಗೆಂದು ಉಳಿಸಿಕೊಂಡರೆ ದಾರಿಗೆ ಇಲ್ಲ. ದಾರಿಯಲ್ಲಿ ಖರ್ಚು ಮಾಡಿದರೆ ಹಕ್ಕಿಗೆ ಇಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಇಂಥ ಲೆಕ್ಕಾಚಾರದ ಕಾಲದಲ್ಲಿ. ಈಗ ಒಂದು ಕಾರ್ಡಿನಲ್ಲಿ ಸಾವಿರಗಟ್ಟಲೆ ಚಿತ್ರ ಹಿಡಿಸುತ್ತದೆ. ಚಿತ್ರಕ್ಕೆ ಬರವಿಲ್ಲ, ನಿಲ್ಲುವುದಕ್ಕೆ ಪುರುಸೊತ್ತಿಲ್ಲ, ಅಷ್ಟೆ.

ಬಂಡೆಯ ಮೇಲಿನ ಸುಣ್ಣ

ಹಳೇ ದಾರಿಯ ಮೊದಲ ನಿಲುಗಡೆ ರಾಮನಗರ. ಇಲ್ಲಿನ ರಾಮದೇವರ ಬೆಟ್ಟವೆಂದರೆ ಬಹುತೇಕರಿಗೆ ನೆನಪಾಗುವುದು 1975ರಲ್ಲಿ ತೆರೆಕಂಡ ‘ಶೋಲೆ’. ಗಬ್ಬರ್ ಸಿಂಗ್ ಕೂತ ಬಂಡೆ ಯಾವುದು ಎಂದು ಹುಡುಕಿ, ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡರೆ ಮುಗಿಯಿತು. ಗುಂಪಿನಲ್ಲಿ ಹಕ್ಕಿಯ ಹುಚ್ಚಿನವರೊಬ್ಬರು ಇದ್ದರೆ ಮಾತ್ರ ಕತೆ ಬೇರೆಯಾಗುತ್ತದೆ. ಅವರ ಕಣ್ಣು ಹೋಗುವುದು ಕಡಿದಾದ ಬಂಡೆಯ ಎತ್ತರದಲ್ಲಿ, ಯಾರೋ ಸುಣ್ಣದ ನೀರು ಸುರಿದಂತೆ ಇಳಿದಿರುವ ಬಿಳಿ ಗೆರೆಗಳ ಕಡೆಗೆ.

ಅದು ಸುಣ್ಣವಲ್ಲ, ಹಿಕ್ಕೆ. ಅದರ ಮೇಲಿನ ಬಂಡೆಯಂಚಿನಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ತಂಗುತ್ತವೆ, ಗೂಡು ಕಟ್ಟುತ್ತವೆ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿಯು ಸತ್ತ ಪ್ರಾಣಿಯ ಮಾಂಸದ ಮೂಲಕ ಹೊಟ್ಟೆ ಸೇರಿ ದೇಶದ ರಣಹದ್ದುಗಳ ಸಂತತಿಯನ್ನೇ ಬಹುಮಟ್ಟಿಗೆ ಅಳಿಸಿಹಾಕಿತು. ಪಶುಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಲಾಯಿತು. ರಾಮದೇವರ ಬೆಟ್ಟ ರಣಹದ್ದು ವನ್ಯಧಾಮವೆಂದು ಘೋಷಣೆಯಾದದ್ದು 2012ರಲ್ಲಿ. ಇಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸಿನಿಮಾದ ಬಂಡೆ ನೋಡಲು ಬಂದವರ ತಲೆಯ ಮೇಲೆಯೇ ಇಂಥದ್ದೊಂದು ಸಂಸಾರ ಉಸಿರು ಬಿಗಿಹಿಡಿದು ನಡೆಯುತ್ತಿರುತ್ತದೆ. ದೊಡ್ಡ ಲೆನ್ಸ್ ಇದ್ದರೂ ಹಕ್ಕಿ ಚಿತ್ರದಲ್ಲಿ ಚುಕ್ಕೆಯಷ್ಟೇ. ಆದರೆ ಬಿಳಿ ಗೆರೆಗಳಿಳಿದ ಆ ಬಂಡೆಯ ಚಿತ್ರ ಚುಕ್ಕೆಗಿಂತ ಹೆಚ್ಚು ಮಾತನಾಡುತ್ತದೆ.

ಹುಳು ನೇಯುವ ಬೆಳಕು

ರಾಮನಗರ ರೇಷ್ಮೆಗೂಡಿನ ಊರು. ಸುತ್ತಲಿನ ಹಳ್ಳಿಗಳ ರಸ್ತೆಗೆ ಇಳಿದರೆ ಹಿಪ್ಪುನೇರಳೆ ತೋಟ, ಮನೆಯ ಗೋಡೆಗೆ ಆನಿಸಿದ ಚಂದ್ರಿಕೆ. ಬಿದಿರಿನ ಚಾಪೆಯ ಮೇಲೆ ಬಿದಿರು ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ಸಲಕರಣೆಯೇ ಚಂದ್ರಿಕೆ. ಹಣ್ಣಾದ ಹುಳುಗಳನ್ನು ಇದಕ್ಕೆ ಬಿಟ್ಟರೆ ಎರಡು ಮೂರು ದಿನದಲ್ಲಿ ಅವು ತಮ್ಮ ಸುತ್ತ ಗೂಡು ಕಟ್ಟಿ ಮುಗಿಸುತ್ತವೆ. ಒಂದೊಂದು ಗೂಡಿನಲ್ಲೂ ಒಂದೇ ಎಳೆ. ಬಿಚ್ಚಿದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದ ಬರುವುದೂ ಉಂಟು!

ಚಂದ್ರಿಕೆಯ ಹಿಂದಿನಿಂದ ಬೆಳಗಿನ ಬೆಳಕು ಬಿದ್ದಾಗ ಕ್ಯಾಮೆರಾದಲ್ಲಿ ಒಮ್ಮೆ ನೋಡಬೇಕು. ಅರ್ಧ ಕಟ್ಟಿದ ಗೂಡು ಪಾರದರ್ಶಕ; ಒಳಗೆ ಹುಳು ಎಂಟರ ಆಕಾರದಲ್ಲಿ ತಲೆಯಾಡಿಸುತ್ತಿರುವುದು ಮಸುಕಾಗಿ ಕಾಣುತ್ತದೆ. ಮಿಶ್ರತಳಿಯದಾದರೆ ಹಳದಿ ಗೂಡು, ದ್ವಿತಳಿಯದಾದರೆ ಬಿಳಿ ಗೂಡು. ಪಟ್ಟಣದ ಗೂಡಿನ ಮಾರುಕಟ್ಟೆಗೆ ಹೋದರೆ ಈ ಎರಡೂ ಬಣ್ಣ ರಾಶಿ ರಾಶಿಯಾಗಿ ಬಿದ್ದಿರುತ್ತವೆ. ಅಲ್ಲಿ ಚಿತ್ರಕ್ಕೆ ಸಿಗುವುದು ಗೂಡಷ್ಟೇ ಅಲ್ಲ. ಒಂದು ಹಿಡಿ ಗೂಡು ಎತ್ತಿ, ಅಲುಗಾಡಿಸಿ, ಕಿವಿಗೊಟ್ಟು ನೋಡುವ ರೀಲರನ ಮುಖ. ಇವತ್ತು ಎಷ್ಟಕ್ಕೆ ಹೋದೀತು ಎಂದು ಪಕ್ಕದಲ್ಲೇ ನಿಂತು ಅದೇ ಮುಖವನ್ನು ಓದುತ್ತಿರುವ ರೈತನ ಮುಖ. ಬೆಲೆಯ ಹೊತ್ತಿನಲ್ಲಿ ಕೇಳದೆ ಕ್ಯಾಮೆರಾ ಎತ್ತುವುದು ಸಭ್ಯತೆಯಲ್ಲ. ಕೇಳಿದರೆ ಬೇಡವೆನ್ನುವವರು ಕಡಿಮೆ.

ಮುಂದೆ ಚನ್ನಪಟ್ಟಣ, ಬೊಂಬೆಗಳ ಊರು. ಅಂಗಡಿಯ ಸಾಲು ಎಲ್ಲರಿಗೂ ಕಾಣುತ್ತದೆ. ಹಿಂದಿನ ಓಣಿಯ ಕಿರಿದಾದ ಕೆಲಸದ ಮನೆಗಳು ಕಾಣುವುದು ನಡೆದು ಹೋದವರಿಗೆ. ಬೆಳ್ಳನೆಯ ಹಾಲೆ ಮರದ ತುಂಡು ಲೇಥಿನಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿದಾಗ ಮೂಡುತ್ತದೆ ಆ ಹೊಳಪು. ಗುಂಪಿನವರು ನಾಲ್ವರು ಒಳಗೆ ಹೋದರೆ ಹೊರಬರುವುದು ನಾಲ್ಕು ಬೇರೆ ಚಿತ್ರಗಳು. ಒಬ್ಬರಿಗೆ ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಹಾರುವ ಮರದ ಪುಡಿ, ಇನ್ನೊಬ್ಬರಿಗೆ ಬಣ್ಣ ಹತ್ತಿದ ಬೆರಳು, ಮತ್ತೊಬ್ಬರಿಗೆ ನೆಲದಲ್ಲಿ ಬಿದ್ದ ಮುಗಿಯದ ಬೊಂಬೆಯ ತಲೆ. ಗೆಳೆಯರ ಜೊತೆ ಹೋಗುವುದರ ಲಾಭವೇ ಇದು. ತನಗೆ ಕಾಣದೇ ಹೋದದ್ದು ಪಕ್ಕದಲ್ಲೇ ಇತ್ತು ಎಂಬುದು ಸಂಜೆ ಪಕ್ಕದವನ ಚಿತ್ರದಿಂದ ತಿಳಿಯುತ್ತದೆ.

ತವರಿಗೆ ಬಂದ ಹಕ್ಕಿಗಳು

ಚನ್ನಪಟ್ಟಣ ದಾಟಿ ಮದ್ದೂರಿಗೆ ಮೊದಲೇ ರುದ್ರಾಕ್ಷಿಪುರ. ಅಲ್ಲಿ ಎಡಕ್ಕೆ ತಿರುಗಿ ಹನ್ನೆರಡು ಕಿಲೋಮೀಟರಿನಷ್ಟು ಹೋದರೆ ಬೆಳ್ಳೂರು. ಹತ್ತಿರದಲ್ಲೇ ಶಿಂಷಾ ನದಿ. ಊರು ಕಾಣುವ ಮೊದಲೇ ಮೀನಿನ ವಾಸನೆ, ಅದರ ಹಿಂದೆಯೇ ಮರಿಗಳ ಗಲಾಟೆ. ದೊಡ್ಡ ಹೆಜ್ಜಾರ್ಲೆಗಳು ಮೌನಿಗಳು. ಬಣ್ಣದ ಕೊಕ್ಕರೆಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಲಟಲಟ ಸದ್ದು ಮಾಡುತ್ತವೆ, ಅಷ್ಟೆ. ಗದ್ದಲವೆಲ್ಲ ಹಸಿದ ಮರಿಗಳದು. ತಾಯಿಯ ಗಂಟಲೊಳಗೆ ತಲೆಯನ್ನೇ ತೂರಿಸಿ ಮೀನು ಕಿತ್ತುಕೊಳ್ಳುವ ಅವುಗಳ ಆತುರ ನೋಡಿದರೆ ನಗು ಬರುತ್ತದೆ.

ಈ ಹಕ್ಕಿಗಳನ್ನು ಊರಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಂದೆ ಪ್ಲೇಗಿನ ಕಾಲದಲ್ಲಿ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಜನರ ಹಿಂದೆಯೇ ಹೊಸ ಜಾಗಕ್ಕೆ ಬಂದವೆಂದು ಹಿರಿಯರು ಹೇಳುವುದುಂಟು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮೂಲಕ ಹೊರಗಿನ ಲೋಕಕ್ಕೆ ಈ ಊರು ಪರಿಚಯವಾಯಿತು. 1994ರಲ್ಲಿ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ಹಾಕಿ ಸಾಕಿ, ಹಾರುವಂತಾದಾಗ ಬಿಡುವ ಕೆಲಸಕ್ಕೆ ಊರಿನ ಯುವಕರೇ ನಿಂತರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ತವರೆಂದ ಮೇಲೆ ಖರ್ಚೂ ಇರುತ್ತದೆ. ಹಕ್ಕಿ ಗೂಡು ಕಟ್ಟುವ ಮರಗಳಲ್ಲಿ ಹುಣಸೆಯದು ದೊಡ್ಡ ಪಾಲು. ಹುಣಸೆ ಬಡಿಯುವ ಕಾಲ, ಮರಿಗಳು ಬೆಳೆಯುವ ಕಾಲ ಎರಡೂ ಒಂದೇ. ಕಾಯಿ ಬಡಿದರೆ ಗೂಡು ಬೀಳುತ್ತದೆ. ಬಡಿಯದಿದ್ದರೆ ಫಸಲು ಹೋಗುತ್ತದೆ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದದ್ದು ಇದರಿಂದಲೇ. ಹೆಂಚು, ಅಂಗಳ, ಒಣಹಾಕಿದ ಬಟ್ಟೆ ಯಾವುದಕ್ಕೂ ಹಿಕ್ಕೆಯಿಂದ ಬಿಡುಗಡೆಯಿಲ್ಲ. ಹಕ್ಕಿಗಳೂ ಪೂರ್ತಿ ಬರಿಗೈಯಲ್ಲಿ ಬರುವುದಿಲ್ಲ ಅನ್ನಿ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಗೋಡು ಹಾಕಿ, ಅದಕ್ಕೆ ಬಿದ್ದ ಹಿಕ್ಕೆಯನ್ನು ಬೆರೆಸಿ ಹೊಲಕ್ಕೆ ಹೊಡೆದರೆ ಒಳ್ಳೆಯ ಗೊಬ್ಬರ.

ಆದರೂ ಈ ಸಂಬಂಧ ತೆಳುವಾದ ಎಳೆಯ ಮೇಲೆ ನಿಂತಿದೆ. ಹಳೆಯ ಮರವೊಂದು ಉರುಳಿದರೆ ಹತ್ತಾರು ಗೂಡುಗಳ ಜಾಗ ಹೋಯಿತು. ಇನ್ನೊಂದು ಮರ ಆ ಎತ್ತರಕ್ಕೆ ಬರಲು ಒಂದು ತಲೆಮಾರು ಬೇಕು. ಸುತ್ತಲ ಕೆರೆಗಳು ಒಣಗಿದರೆ, ನೀರು ಕೆಟ್ಟರೆ, ಮೊದಲ ಪೆಟ್ಟು ಮರಿಗೆ. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತವು. ಹೊಟ್ಟೆಯಲ್ಲಿದ್ದ ಪರಾವಲಂಬಿ ಹುಳುಗಳು ಕಾರಣವೆಂದು ಪರೀಕ್ಷೆಯಲ್ಲಿ ಕಂಡುಬಂತು. ಸತ್ತ ಹಕ್ಕಿಯನ್ನು ಮೊದಲು ಕಂಡು ಮರುಗಿದ್ದು ಮರದ ಕೆಳಗೆ ಬಾಳುವವರೇ.

ಚೌಕಟ್ಟಿನ ಹೊರಗೆ

ಈಗ ಛಾಯಾಗ್ರಾಹಕರ ಮಾತಿಗೆ ಬರೋಣ. ಬೆಳ್ಳೂರಿನಲ್ಲಿ ಕ್ಯಾಮೆರಾ ಹಿಡಿದವರು ಮೊದಲು ಮಾಡುವ ಕೆಲಸವೆಂದರೆ ವಿದ್ಯುತ್ ತಂತಿ, ಹೆಂಚಿನ ಮನೆ, ಟಿವಿ ಡಿಶ್ಶು, ಒಣಹಾಕಿದ ಸೀರೆ ಇವನ್ನೆಲ್ಲ ಚೌಕಟ್ಟಿನಿಂದ ಹೊರಗಿಡುವುದು. ಬಾಗಿ, ಬಗ್ಗಿ, ಪಕ್ಕಕ್ಕೆ ಸರಿದು, ನೀಲಿ ಆಕಾಶ ಮಾತ್ರ ಹಿನ್ನೆಲೆಗೆ ಬರುವಂತೆ ನೋಡಿಕೊಳ್ಳುತ್ತಾರೆ. ಚಿತ್ರ ಚೆಂದ ಬರುತ್ತದೆ, ಅನುಮಾನವಿಲ್ಲ. ಆದರೆ ಅಂಥ ಚಿತ್ರದ ಹಕ್ಕಿ ಬೆಳ್ಳೂರಿನದೇ ಆಗಬೇಕಾಗಿಲ್ಲ. ರಂಗನತಿಟ್ಟಿನದೂ ಆಗಬಹುದು, ಎಲ್ಲಿಯದಾದರೂ ಆಗಬಹುದು. ಬೆಳ್ಳೂರಿನ ನಿಜವಾದ ಅಚ್ಚರಿ ಇರುವುದು ಹೊರಗಿಟ್ಟ ಆ ಹೆಂಚಿನಲ್ಲಿ. ಅಂಗಳದಲ್ಲಿ ರಾಗಿ ಹಸನು ಮಾಡುವವರ ತಲೆಯ ಮೇಲೆ ಹತ್ತಡಿ ಎತ್ತರದಲ್ಲಿ ಐದು ಕಿಲೋ ತೂಗುವ ಹಕ್ಕಿ ನಿಶ್ಚಿಂತೆಯಿಂದ ಮರಿಗೆ ಉಣಿಸುತ್ತಿದೆಯಲ್ಲ, ಅದು ಬೇರೆಲ್ಲಿ ಸಿಕ್ಕೀತು? ಮನೆಯನ್ನು ಚಿತ್ರದಿಂದ ತೆಗೆದುಹಾಕಿದರೆ ಹುಣಸೆ ಬಿಟ್ಟುಕೊಟ್ಟವರನ್ನೂ ತೆಗೆದುಹಾಕಿದಂತೆಯೇ. ನೋಡಿದವರು ಇದೇನೋ ಕಾಡು, ತನ್ನಷ್ಟಕ್ಕೆ ತಾನೇ ಉಳಿದುಕೊಳ್ಳುತ್ತದೆ ಎಂದುಕೊಳ್ಳುತ್ತಾರೆ.

ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುವವರು, ಡ್ರೋನ್ ಏರಿಸುವವರು ಇಲ್ಲದಿಲ್ಲ. ತಾಯಿ ಗೂಡು ಬಿಟ್ಟೆದ್ದ ಕೆಲವೇ ನಿಮಿಷದಲ್ಲಿ ಪುಕ್ಕ ಬಾರದ ಮರಿ ಬಿಸಿಲಿಗೆ ಬಾಡುತ್ತದೆ, ಕಾಗೆಗೆ ತುತ್ತಾಗುತ್ತದೆ. ಕಾದು ಕೂತರೆ ಹಕ್ಕಿ ತಾನಾಗಿಯೇ ಹಾರುತ್ತದೆ; ಮೀನಿಗೆ ಹೋಗದೆ ಅದಕ್ಕೂ ಗತಿಯಿಲ್ಲ.

ಹೋಗುವವರು ಜನವರಿಯಿಂದ ಮೇ ನಡುವೆ ಹೋಗಬಹುದು. ಹಳೇ ರಸ್ತೆ ಹಿಡಿಯಿರಿ, ಮಧ್ಯಾಹ್ನದ ಬಿಸಿಲನ್ನು ಚನ್ನಪಟ್ಟಣದ ನೆರಳಿನ ಓಣಿಗಳಿಗೆ ಬಿಡಿ, ನಾಲ್ಕರ ನಂತರ ಬೆಳ್ಳೂರು ಸೇರಿ. ಮರದ ಕೆಳಗೆ ನಿಲ್ಲುವಾಗ ತಲೆಗೊಂದು ಟೋಪಿ ಇರಲಿ! ಅಂಗಳಕ್ಕೆ ಕಾಲಿಡುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ. ಮರುವರ್ಷ ಹೋಗುವಾಗ ಆ ಮನೆಯ ಚಿತ್ರದ ಒಂದು ಪ್ರತಿ ಹಾಕಿಸಿಕೊಂಡು ಹೋಗಿ ಕೊಟ್ಟುಬನ್ನಿ. ಗೋಡೆಗೆ ತೂಗುಹಾಕುವ ಆ ಚಿತ್ರದಲ್ಲಿ ಹೆಂಚು, ತಂತಿ, ಹುಣಸೆ ಮರ, ಹೆಜ್ಜಾರ್ಲೆ ಎಲ್ಲವೂ ಇರಲಿ. ಬಾಗಿಲಲ್ಲಿ ಮನೆಯವರೂ ನಿಂತಿರಲಿ.