ವಯಸ್ಸಾಗಿತ್ತು ಎನ್ನುವ ಮೊದಲು

ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ಬಂದ ತಾತ ಅರವತ್ತು ದಾಟಿ ತೀರಿಕೊಂಡರೆ, ಕ್ಯಾಸಂಬಳ್ಳಿಯ ಕಡೆ ನೆಂಟರು ‘ವಯಸ್ಸಾಗಿತ್ತು ಬಿಡಿ’ ಎಂದು ಸಮಾಧಾನ ಹೇಳುತ್ತಾರೆ. ರಾತ್ರಿಯೆಲ್ಲ ಆ ಕೆಮ್ಮು ಕೇಳಿದ ಅಜ್ಜಿ ಮಾತ್ರ ‘ಗಣಿ ಧೂಳೇ ತಿಂದುಹಾಕಿತು’ ಎನ್ನುತ್ತಾಳೆ. ಕಾಲೇಜು ಓದುವ ಮೊಮ್ಮಗಳು ಯಾರನ್ನು ನಂಬಬೇಕು?

ಒಬ್ಬರ ವಿಷಯದಲ್ಲಿ ಉತ್ತರ ಹೇಳುವುದು ವೈದ್ಯರಿಗೂ ಕಷ್ಟ. ಧೂಳು, ಕ್ಷಯ, ಬೀಡಿ, ಮುಪ್ಪು ಎಲ್ಲವೂ ಒಂದೇ ಎದೆಯಲ್ಲಿ ಮನೆ ಮಾಡಿರಬಹುದು. ಹಲವರ ವಿಷಯದಲ್ಲಾದರೆ ಸಂಖ್ಯಾಶಾಸ್ತ್ರಕ್ಕೆ ಒಂದು ದಾರಿಯುಂಟು. ಅದು ಸಾವಿನ ಕಾರಣವನ್ನು ಕೇಳುವುದೇ ಇಲ್ಲ.

ಲೆಕ್ಕಕ್ಕೆಂದು ಅರವತ್ತು ವರ್ಷದ 100 ರೋಗಿಗಳನ್ನು ಇಟ್ಟುಕೊಳ್ಳಿ. ಐದು ವರ್ಷದ ನಂತರ 60 ಮಂದಿ ಉಳಿದರು. ಅದೇ ವಯಸ್ಸಿನ, ಅದೇ ಸೀಮೆಯ ಇತರರಲ್ಲಿ ನೂರಕ್ಕೆ 90 ಮಂದಿ ಉಳಿಯುತ್ತಾರೆ ಎನ್ನೋಣ. ಹಾಗಾದರೆ ಸತ್ತ 40 ಮಂದಿಯಲ್ಲಿ 10 ಸಾವು ಹೇಗೂ ಬರುವಂಥವು; ಮಿಕ್ಕ 30 ಹೆಚ್ಚುವರಿ ಸಾವು. 60ನ್ನು 90ರಿಂದ ಭಾಗಿಸಿದರೆ ಬರುವ ಮೂರನೇ ಎರಡು ಪಾಲೇ ‘ಸಾಪೇಕ್ಷ ಉಳಿವು’. ಅಮೆರಿಕದ ಬರ್ಕ್‌ಸನ್ ಮತ್ತು ಗೇಜ್ 1950ರಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ವಿವರಿಸಿದ ಲೆಕ್ಕವಿದು. ವಯಸ್ಸು, ರೋಗದ ಹಂತ, ಕಳೆದ ವರ್ಷಗಳಿಗೆ ತಕ್ಕಂತೆ ಹೆಚ್ಚುವರಿ ಸಾವು ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಮುಂದಿನವರು ಸಮೀಕರಣಗಳನ್ನು ಕಟ್ಟಿದರು.

ಲೆಕ್ಕದ ಜೀವ ಇರುವುದು ಆ 90ರಲ್ಲಿ. ಯಾರೊಡನೆ ಹೋಲಿಸಬೇಕು? ಗಣಿಯ ಆಳಕ್ಕೆ ಇಳಿಯುತ್ತಿದ್ದವರು ಗಟ್ಟಿಮುಟ್ಟಾದ ಹುಡುಗರು. ಕಾಯಿಲೆಯವರೂ ಸೇರಿದ ಇಡೀ ನಾಡಿನ ಸರಾಸರಿಯೊಡನೆ ಅವರನ್ನು ತೂಗಿದರೆ ಧೂಳಿನ ಹಾನಿ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಅವರಷ್ಟೇ ಗಟ್ಟಿಗರಾಗಿದ್ದು, ಗಣಿಗೆ ಇಳಿಯದೆ ಬೇರೆ ಕೆಲಸ ಮಾಡಿದವರೊಡನೆ ಹೋಲಿಸುವುದು ನ್ಯಾಯ.

ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಬಗ್ಗೆ ಭಾರತದ ಮೊದಲ ವರದಿಗಳು 1940ರ ದಶಕದಲ್ಲಿ ಬಂದದ್ದು ಇದೇ ಕೋಲಾರದ ಗಣಿಗಳಿಂದ. 2001ರಲ್ಲಿ ಗಣಿ ಮುಚ್ಚಿತು. ಆದರೆ ಶ್ವಾಸಕೋಶಕ್ಕೆ ಇಳಿದ ಧೂಳು ಕೆಲಸ ಬಿಟ್ಟ ಮೇಲೂ ರೋಗವನ್ನು ಬೆಳೆಸಬಲ್ಲದು.

ಇಷ್ಟೆಲ್ಲ ಲೆಕ್ಕಕ್ಕೆ ಬೇಕಾದ ಕಚ್ಚಾ ಸರಕು ಕಂಪ್ಯೂಟರಿನಲ್ಲಿಲ್ಲ, ಪಂಚಾಯಿತಿಯ ದಾಖಲೆಯಲ್ಲಿದೆ. 1969ರ ಕಾನೂನಿನ ಪ್ರಕಾರ ಮನೆಯಲ್ಲಿ ಆದ ಸಾವನ್ನು 21 ದಿನಗಳೊಳಗೆ ಬರೆಸಬೇಕು. ವಯಸ್ಸನ್ನು ಅಂದಾಜಿಗೆ ಹೇಳದೆ ಸರಿಯಾಗಿ ಬರೆಸಿ; ತಾತ ಎಲ್ಲಿ, ಎಷ್ಟು ವರ್ಷ ದುಡಿದರೆಂಬುದನ್ನು ಮಕ್ಕಳು ಒಂದು ಪುಸ್ತಕದಲ್ಲಿ ಗುರುತು ಹಾಕಿಡಲಿ. ಬರೆದಿಡದ ಊರಿನಲ್ಲಿ ಹೆಚ್ಚುವರಿ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲ.