ಸೈಡ್ ಬಿ ಮೇಲಿನ ಸಿಟ್ಟು

‘ಸಪ್ತ ಸಾಗರದಾಚೆ ಎಲ್ಲೋ’ ಸಿನಿಮಾದ ಸೈಡ್ ಎ ಬಂದದ್ದು 2023ರ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಆ ಹನ್ನೊಂದು ವಾರದಲ್ಲಿ ಒಬ್ಬೊಬ್ಬರೂ ತಲೆಯಲ್ಲೇ ತಮ್ಮದೊಂದು ಸೈಡ್ ಬಿ ಮಾಡಿಟ್ಟುಕೊಂಡಿದ್ದರು. ನಿರ್ದೇಶಕ ಹೇಮಂತ್ ರಾವ್ ತೋರಿಸಿದ್ದು ಅದಲ್ಲ, ಅಷ್ಟೇ ತಪ್ಪು. ನಮ್ಮೂರು ಕಮತಗಿಯ ನೇಕಾರ ಹುಡುಗರಂತೂ, “ಲಗ್ನ ಆದಾಕಿ ಬೆನ್ನ ಹತ್ತಿ ಅಡ್ಡಾಡ್ತಾನಲ್ಲೋ, ಇವ ಏನ್ ಹೀರೋ?” ಅಂತ ಬೈದಿದ್ದೇ ಬೈದಿದ್ದು.

ಈಗ ಅದೇ ಮಂದಿ ರಾತ್ರಿ ಮಗ್ಗ ನಿಂತ ಮೇಲೆ ಮೊಬೈಲಿನಲ್ಲಿ ಎರಡೂ ಭಾಗ ಒಟ್ಟಿಗೆ ನೋಡಿ, ಸುರಭಿ ಪಾತ್ರದ ಚೈತ್ರಾ ಆಚಾರ್ ಬಗ್ಗೆ ಮಾತಾಡುತ್ತಾರೆ. ಮೊದಲ ಸಲ ನಾಯಕಿ ಪ್ರಿಯಾಳ ದಾರಿ ಕಾಯುತ್ತ ಕೂತವರಿಗೆ ಆಕೆ ಕಂಡೇ ಇರಲಿಲ್ಲ. ದುಡ್ಡಿನಾಸೆಗೆ ಬೇರೆಯವರ ತಪ್ಪು ಹೊತ್ತು ಜೈಲಿಗೆ ಹೋದ ನಾಯಕ ಮನು ಇಷ್ಟು ಹದಗೆಟ್ಟು ಹೊರಬಂದದ್ದೂ, ನಡುವೆ ಬಿಡುವಿಲ್ಲದೆ ನೋಡಿದರೆ ವಿಚಿತ್ರ ಅನಿಸುವುದಿಲ್ಲ. ಸೈಡ್ ಎ ಚಂದ ಇತ್ತು ಅನ್ನುವ ಹಂಬಲವೇ ಸೈಡ್ ಬಿಗೆ ಅಡ್ಡ ನಿಂತಿತ್ತು.

ಹಾಗಂತ ವರ್ಷ ಉರುಳಿದರೆ ಎಲ್ಲಕ್ಕೂ ಮಾಫಿ ಸಿಗುವುದಿಲ್ಲ. 2016ರ ‘ಮುಂಗಾರು ಮಳೆ 2’ ಪರವಾಗಿ ವಾದ ಮಾಡುವವರು ನನಗಿನ್ನೂ ಸಿಕ್ಕಿಲ್ಲ. 2015ರ ‘ಉಪ್ಪಿ 2’ ಕಥೆ ಬೇರೆ. ಅಂದು ತಲೆಬುಡ ಹತ್ತಲಿಲ್ಲ ಎಂದವರು ಈಗ ಎಲ್ಲ ತಿಳಿಯಿತು ಅನ್ನುತ್ತಾರೆ. (ನನಗಂತೂ ಪೂರ್ತಿ ತಿಳಿದಿಲ್ಲ.)

ಸೈಡ್ ಬಿಯ ಉದ್ದದ ತಕರಾರು ಮಾತ್ರ ನಾನು ಬಿಟ್ಟಿಲ್ಲ. ಇಪ್ಪತ್ತು ನಿಮಿಷ ಕತ್ತರಿ ಹಾಕಬಹುದಿತ್ತು.